ಅಳುವುದಕ್ಕೊಂದಿಷ್ಟು ಬಿಡುವು

ಹುಬ್ಬಳ್ಳಿಯಲ್ಲಿ ಹತ್ತಿಯ ಹಂಗಾಮು ಶುರುವಾಯಿತೋ ಇಲ್ಲವೋ ಎಂಬುದನ್ನು ತಿಳಿಯಲು ಆ ಓಣಿಯವರು ಪೇಟೆಯವರೆಗೆ ಹೋಗಬೇಕಾಗಿರಲಿಲ್ಲ. ಶರಣವ್ವನ ಕಟ್ಟೆಯನ್ನು ನೋಡಿದರೆ ಸಾಕಾಗಿತ್ತು. ಶಿವರಾತ್ರಿ ಮುಗಿದು ಬಿಸಿಲು ಚುರುಕಾಗುತ್ತಿದ್ದಂತೆ ಶಿರಗುಪ್ಪಿಯ ಕಡೆಯಿಂದ, ಅಮ್ಮಿನಬಾವಿಯ ಕಡೆಯಿಂದ ಹತ್ತಿ ಹೇರಿದ ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು. ಓಣಿಯ ತುದಿಯಲ್ಲಿದ್ದ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನ ಎಂಜಿನ್ನು ಗುಡುಗತೊಡಗುತ್ತಿತ್ತು. ಅಲ್ಲಿಂದ ಮಳೆ ಹಿಡಿಯುವತನಕ ಆ ಓಣಿಯಲ್ಲಿ ಗಾಳಿಯೆಂಬುದೇ ಇರುತ್ತಿರಲಿಲ್ಲ. ಇರುತ್ತಿದ್ದುದು ಹತ್ತಿಯ ಎಳೆ, ಒಣ ಎಲೆಯ ಪುಡಿ, ಹೊಟ್ಟು, ಧೂಳು. ಒಣಹಾಕಿದ ಸೀರೆಯನ್ನು ಝಾಡಿಸದೆ ಉಟ್ಟರೆ ಮೈಯೆಲ್ಲ ತುರಿಕೆ. ಇನ್ನು ಜಿನ್ನಿನೊಳಗೆ ನಿಂತು ಯಂತ್ರದ ಬಾಯಿಗೆ ಹತ್ತಿ ಉಣಿಸುತ್ತಿದ್ದ ಹೆಣ್ಣುಮಕ್ಕಳ ಕಣ್ಣಿನ ಪಾಡನ್ನು ಹೇಳುವುದೇ ಬೇಡ.

ಕಣ್ಣಿಗೆ ಕಸ ಬಿದ್ದವರೆಲ್ಲ ಬರುತ್ತಿದ್ದುದು ಶರಣವ್ವನ ಕಟ್ಟೆಗೆ.

ಶರಣವ್ವ ಆ ಜಿನ್ನಿನ ಧಣಿ ಮುರುಗೆಪ್ಪನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಐವತ್ತರ ಆಚೀಚೆಯ ವಯಸ್ಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿಯಾದ ಬಾಯಿ. ಜಿನ್ನಿನ ಗೋಡೆಗೆ ಹೊಂದಿಕೊಂಡಿದ್ದ ಮನೆ ಅವಳದು. ಬೆಳಗಾಗುವ ಮೊದಲೇ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸುವತನಕ ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಅವಳಿಗೆ ಪೂಜೆಯಷ್ಟೇ ನಿಷ್ಠೆಯ ಕೆಲಸ. ಏಕೆಂದರೆ ಅವಳು ಕಣ್ಣಿನ ಕಸ ತೆಗೆಯುತ್ತಿದ್ದುದು ನಾಲಿಗೆಯಿಂದ.

ಬಂದವರನ್ನು ಬೆಳಕಿಗೆ ಮುಖ ಮಾಡಿ ಕೂಡ್ರಿಸುವಳು. ಎರಡು ಬೆರಳಿನಿಂದ ರೆಪ್ಪೆಗಳನ್ನು ಅಗಲಿಸಿ, ನಾಲಿಗೆಯ ತುದಿಯನ್ನು ಕಣ್ಣಿನ ಮೇಲೆ ಒಮ್ಮೆ ಹಗುರವಾಗಿ ಹಾಯಿಸುವಳು. ಕೂತವರಿಗೆ ಬೆಚ್ಚಗಿನದೇನೋ ತಾಕಿತೆನ್ನುವಷ್ಟರಲ್ಲಿ ಕಸ ಅವಳ ಅಂಗೈಯಲ್ಲಿರುತ್ತಿತ್ತು.

"ನೋಡು, ಇಷ್ಟ್ ಇಲ್ಲಾ ಕಸಾ, ಅದಕ್ಕ ಓಣಿ ಕೇಳೂಹಂಗ ಬಾಯಿ ಮಾಡಿಕೋತ ಬಂದಿ. ನಡಿ ಇನ್ನ, ಏಳು" ಎಂದು ಗದರಿಸುವಳು. ಸೆರಗಿನಿಂದ ಅವರ ಕಣ್ಣೀರು ಒರೆಸಿ ಕಳಿಸುವಳು.

ಅತ್ತೆಯಿಂದ ಬಂದ ವಿದ್ಯೆ ಅದು. ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದೆಂದು ಅತ್ತೆ ಹೇಳಿದ್ದಳು. ಒಂದು ತೆಂಗಿನಕಾಯಿಯನ್ನೂ ಶರಣವ್ವ ತೆಗೆದುಕೊಂಡವಳಲ್ಲ. ಟಾಂಗಾ ಹೊಡೆಯುವ ಗೌಸಸಾಬನು ತನ್ನ ಕಣ್ಣಿನ ಕಸ ತೆಗೆಸಿಕೊಂಡಾಗಲೆಲ್ಲ ಹೇಳುತ್ತಿದ್ದ ಮಾತು ಓಣಿಗೆಲ್ಲ ಗೊತ್ತಿತ್ತು: "ಅವ್ವಾರ, ನಿಮ್ಮ ನಾಲಿಗಿ ಕಣ್ಣಾಗ ಇದ್ದಾಗ ಬೆಣ್ಣಿ, ಬಾಯಾಗ ಹ್ವಾದಕೂಡ್ಲೆ ಕುಡಗೋಲು!"

ಇಂಥ ಶರಣವ್ವನ ಬಾಳಿನಲ್ಲಿ ಅವಳು ತಾನೇ ಮನಸ್ಸಿನಲ್ಲಿ ಮೇಲೆತ್ತಿ ಇಟ್ಟುಕೊಂಡಿದ್ದ ಒಂದು ದಿನವಿತ್ತು. ಅದು ಸಾವಿರದ ಒಂಬೈನೂರ ಐವತ್ತೆಂಟರ ಹಂಗಾಮಿನ ಮಾತು. ಜಿನ್ನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ದುರಗವ್ವನೆಂಬವಳು ಕಣ್ಣು ಮುಚ್ಚಿಕೊಂಡು ಬಂದು ಕಟ್ಟೆಯ ಕೆಳಗೆ, ದೂರ ನಿಂತಳು. ಅವಳು ಯಾವ ಕೇರಿಯವಳೆಂಬುದು ನಿಂತ ರೀತಿಯಿಂದಲೇ ತಿಳಿಯುತ್ತಿತ್ತು. ಕಟ್ಟೆಯ ಮೇಲಿದ್ದ ಇಬ್ಬರು ಹೆಂಗಸರು ಸೆರಗು ಸರಿಸಿಕೊಂಡರು. ಶರಣವ್ವ ಅವರಿಬ್ಬರ ಕಡೆ ಒಮ್ಮೆ ನೋಡಿದಳು. ಆಮೇಲೆ, "ಅಲ್ಲೇನ್ ಕಂಬ ನಿಂತಂಗ ನಿಂತಿ? ನನ್ನ ನಾಲಿಗಿ ಅಲ್ಲೀತನಾ ಬರೂದಿಲ್ಲ. ಮ್ಯಾಲ ಬಾ" ಎಂದಳು.

ಮೇಲೆ ಕೂಡ್ರಿಸಿ ಕಸ ತೆಗೆದಳು. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಮುರುಗೆಪ್ಪನ ಹೆಂಡತಿ ಆ ಹಂಗಾಮು ಮುಗಿಯುವತನಕ ಶರಣವ್ವನ ಕೈಯ ನೀರು ಮುಟ್ಟಲಿಲ್ಲ. ಮನೆತನದ ಗುರುಗಳಾದ ಹಿರಿಯ ಅಯ್ಯನವರು ಗುರುಸಿದ್ದಯ್ಯನವರು ತಾವೇ ಬಂದು ವಿಚಾರಿಸಿದರು.

"ಏನ್ ಶರಣವ್ವ, ಕೊರಳಾಗ ಲಿಂಗ ಕಟ್ಟಿಕೊಂಡಾಕಿ ನೀನು. ಆಕಿ ಕಣ್ಣಾಗ ನಾಲಿಗಿ ಇಡೂಮುಂದ ಏನೂ ಅನಸಲಿಲ್ಲೇನು?"

"ಆಕಿ ಕಣ್ಣ ತಗದು ನೋಡಿದೆರಿ ಅಯ್ಯಾರ. ಹತ್ತಿ ಹೊಟ್ಟು ಇತ್ತು. ಮತ್ತೇನೂ ಇರಲಿಲ್ಲ" ಎಂದಳು ಶರಣವ್ವ.

ಅಯ್ಯನವರು ಹಾಲು ಕುಡಿಯದೆ ಎದ್ದುಹೋದರು. ಶರಣವ್ವ ಜಗ್ಗಲಿಲ್ಲ. ಅಂದಿನಿಂದ ಕಟ್ಟೆಯ ಮೇಲೆ ಎಲ್ಲ ಕೇರಿಯ ಹೆಣ್ಣುಮಕ್ಕಳೂ ಸಾಲಿನಲ್ಲಿ ಕೂತರು. ತಾನು ಮಾಡಿದ ಸರಿಯಾದ ಕೆಲಸ ಇದೊಂದು ಎಂದು ಅವಳು ನಂಬಿದ್ದಳು. ಯಾರಾದರೂ ಹೊಗಳಲಿ ಎಂದಲ್ಲ, ಆದರೆ ನಂಬಿದ್ದಳು.

ಆರು ವರ್ಷ ಹೀಗೆಯೇ ನಡೆಯಿತು. ಅರವತ್ನಾಲ್ಕರ ಹಂಗಾಮಿನಲ್ಲಿ ಹುಬ್ಬಳ್ಳಿಗೆಲ್ಲ ಕಣ್ಣುಬೇನೆ ಬಂತು. ಬೆಳಗ್ಗೆ ಎದ್ದರೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಕೆಂಡದಂಥ ಕಣ್ಣುಗಳನ್ನು ತಿಕ್ಕಿಕೊಳ್ಳುತ್ತಲೇ ಹೆಣ್ಣುಮಕ್ಕಳು ಜಿನ್ನಿಗೆ ಬರುತ್ತಿದ್ದರು. ಶರಣವ್ವ ಉಪ್ಪುನೀರು ಮುಕ್ಕಳಿಸುತ್ತಿದ್ದಳು, ನಾಲಿಗೆ ಹಾಯಿಸುತ್ತಿದ್ದಳು, ಅದೇ ಸೆರಗಿನಿಂದ ಒರೆಸುತ್ತಿದ್ದಳು. ಆ ದಿನಗಳಲ್ಲಿ ದುರಗವ್ವನ ಎಡಗಣ್ಣಿಗೆ ಒಂದು ಚೂಪಾದ ಹೊಟ್ಟು ಬಿತ್ತು. ಶರಣವ್ವ ತೆಗೆದಳು. ಮಾರನೆಯ ದಿನ ಕಣ್ಣು ತೆರೆಯಲಾಗಲಿಲ್ಲ. ಅದರ ಮಾರನೆಯ ದಿನ ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿಯ ಚುಕ್ಕೆ ಕಂಡಿತು. ದುರಗವ್ವನ ತಮ್ಮ ಉಡಚಪ್ಪ ಕಣ್ಣಿನ ದವಾಖಾನೆಯೊಂದರಲ್ಲಿ ಜವಾನನಾಗಿದ್ದ. ಅವನು ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದ.

ಎರಡು ದಿನ ಬಿಟ್ಟು ಉಡಚಪ್ಪ ಕಟ್ಟೆಯ ಹತ್ತಿರ ಬಂದ. ಹೇಳಲೋ ಬೇಡವೋ ಎಂದು ಟೊಪ್ಪಿಗೆಯನ್ನು ಕೈಯಲ್ಲಿ ತಿರುವುತ್ತ ನಿಂತ.

"ಯಾಕೋ? ದುರಗವ್ವನ ಕಣ್ಣ ಹೆಂಗೈತಿ?" ಎಂದಳು ಶರಣವ್ವ.

"ಹುಣ್ಣಾಗೇತಿರಿ ಅವ್ವಾರ. ಅಲ್ಲೊಬ್ಬರು ಹೆಣ್ಣ ಡಾಕ್ಟರು ಅದಾರ, ಆ ಡಾಕ್ಟರ ಬಾಯಿ ದಿನಾ ಔಷಧ ಬಿಡಾಕತ್ತಾರ. ಉಳದರ ಉಳೀತು ಅಂತಾರ." ಅವನು ಒಂದು ಹೆಜ್ಜೆ ಹಿಂದೆ ಸರಿದ. "ನೀವು ಸಿಟ್ಟಾಗಬಾರದು. ಇನ್ನ ಮ್ಯಾಲ ಯಾರಿಗೂ ನಾಲಿಗಿ ಹಚ್ಚಬಾರದಂತರಿ. ಮನಶ್ಯಾರ ಬಾಯಿ ಅಂದ್ರ ಕ್ರಿಮಿಗಳ ಸಂತಿ, ಅಂಥಾ ಹೊಲಸು ಕಣ್ಣಿಗೆ ಹಚ್ಚಿದವರ್ಯಾರು ಅಂತ ಕೇಳಿದ್ರು."

ಶರಣವ್ವನ ಕೈಯಲ್ಲಿದ್ದ ನೀರಿನ ತಂಬಿಗೆ ಕಟ್ಟೆಯ ಮೇಲೆ ಕುಕ್ಕಿ ಕೂತಿತು.

"ಹೊಲಸು? ನನ್ನ ಬಾಯಿ ಹೊಲಸು?"

"ಹಂಗಲ್ಲರಿ—"

"ಹೆಂಗ ಮತ್ತ? ಬೆಳಗಾದ್ರ ಲಿಂಗಪ್ಪನ ಪೂಜಿ ಮಾಡೂ ಬಾಯಿ ಇದು. ನಿಮ್ಮಕ್ಕನ ಕಣ್ಣಾಗ ಈ ನಾಲಿಗಿ ಇಟ್ಟಿದ್ದಕ್ಕ ನನ್ನ ಮಂದಿ ನನ್ನ ಕೈಯಾಗಿನ ನೀರ ಬಿಟ್ರು. ಆವಾಗ ಆಕಿ ಎಲ್ಲಿದ್ದಳು, ನಿಮ್ಮ ಡಾಕ್ಟರ ಬಾಯಿ? ಗೌಸಸಾಬಾ! ಟಾಂಗಾ ಹೂಡು!"

ದಾರಿಯುದ್ದಕ್ಕೂ ಅವಳು ಬೈಯುತ್ತಲೇ ಇದ್ದಳು. ಕುದುರೆ ಕೂಡ ಬೇಗ ಬೇಗ ಹೆಜ್ಜೆ ಹಾಕಿತೆಂದು ಗೌಸಸಾಬ ಆಮೇಲೆ ಹೇಳುತ್ತಿದ್ದ.

ದವಾಖಾನೆಯ ಪಡಸಾಲೆಯಲ್ಲಿ ದುರಗವ್ವ ಮರದ ಬೆಂಚಿನಂಥ ಬಾಕಿನ ಮೇಲೆ ಕೂತಿದ್ದಳು. ಎಡಗಣ್ಣಿನ ಮುಂದೆ ಹಸಿರು ಬಟ್ಟೆಯ ಮರೆ ಜೋತಾಡುತ್ತಿತ್ತು. ಡಾಕ್ಟರ್ ಸುಲಭಾ ಧಾರವಾಡದವಳು. ತೆಳ್ಳಗಿನ ಮೈ, ಮೂವತ್ತರ ಹರೆಯ, ಮೆಲ್ಲಗಿನ ಮಾತು. ಹೊರಗೆ ಕಣ್ಣುಬೇನೆಯವರ ಸಾಲು ಬಾಗಿಲು ದಾಟಿತ್ತು.

"ನಾನು ಶರಣವ್ವ. ಹೊಲಸು ಬಾಯಾಕಿ" ಎಂದು ಶರಣವ್ವ ಅವಳ ಮುಂದೆ ನಿಂತಳು.

ಸುಲಭಾ ತಲೆಯೆತ್ತಿ ನೋಡಿದಳು. ನಗಲಿಲ್ಲ. "ಕೂಡ್ರಿ ಅಜ್ಜಿ" ಎಂದಳು.

"ಅಜ್ಜಿ ಅನ್ನಬ್ಯಾಡ, ನಾ ಇನ್ನೂ ಗಟ್ಟಿ ಅದೇನಿ. ನನ್ನ ಬಾಯಾಗ ಏನೈತಿ ಹೇಳು."

"ನನ್ನ ಬಾಯಾಗ ಏನೈತಿ, ಅದ ನಿಮ್ಮ ಬಾಯಾಗೂ ಐತಿರಿ. ಬೇವಿನ ಕಡ್ಡಿ ತಿಕ್ಕಿದ್ರೂ, ಉಪ್ಪ ನೀರ ಮುಕ್ಕಳಿಸಿದ್ರೂ ಎಲ್ಲಾರ ಬಾಯಾಗ ಕ್ರಿಮಿ ಇದ್ದೇ ಇರತಾವು. ಬಾಯಾಗ ಇದ್ದರ ಏನೂ ಮಾಡೂದಿಲ್ಲ. ಕಣ್ಣಿಗೆ ಗಾಯ ಆಗಿದ್ದಾಗ ಅಲ್ಲಿ ಹ್ವಾದ್ರ ಕಣ್ಣು ತಿಂತಾವು. ಹೊಲಸು ಅಂದಿದ್ದು ತಪ್ಪಾತು. ನಿಮ್ಮನ್ನ ನೋಡಿ ಅಂದಿದ್ದಲ್ಲ, ಈಕಿ ಹುಣ್ಣ ನೋಡಿ ಬಂದ ಸಿಟ್ಟು ಅದು."

ತಪ್ಪಾಯಿತೆಂಬ ಮಾತು ಇಷ್ಟು ಬೇಗ ಬರುತ್ತದೆಂದು ಶರಣವ್ವ ಎಣಿಸಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

"ಹಂಗಾದ್ರ ಕಸ ಬಿದ್ದವರು ಏನ್ ಮಾಡಬೇಕು? ಕಣ್ಣಾಗ ಇಟಗೊಂಡು ಕುಂಡ್ರಬೇಕೇನು?"

"ಹೌದ್ರಿ, ಕುಂಡ್ರಬೇಕು" ಎಂದಳು ಸುಲಭಾ. "ಕಣ್ಣಿಗೆ ದೇವರು ಕೈ ಕೊಟ್ಟಿಲ್ಲ, ಆದ್ರ ಕಾವಲು ಕೊಟ್ಟಾನ. ರೆಪ್ಪಿ ಕೂದಲಕ್ಕ ಏನರ ತಾಕಿದ್ರ ನಿಮಗ ಗೊತ್ತಾಗೂ ಮೊದಲ ಬಾಗಿಲ ಮುಚ್ಚತೈತಿ. ನೀವು ಎಚ್ಚರ ಇರೂತನಾ ರೆಪ್ಪಿ ಬಡದು ಬಡದು ಕಣ್ಣ ಸಾರಸತೈತಿ, ನೀವು ಮನಿ ನೆಲಾ ಸಾರಸಿದಂಗ. ಕಸ ಬಿತ್ತಂದ್ರ ನೀರು ಉಕ್ಕಿ ಬರತೈತಿ. ಅದು ಬರೇ ನೀರಲ್ಲ. ಅದರಾಗ ಕ್ರಿಮಿ ಕೊಲ್ಲೂ ಸತ್ವ ಐತಿ. ಕಸಾನ್ನ ಮೂಲಿಗೆ ತಂದು ಬಿಡತೈತಿ, ಉಳಿದ ನೀರು ಮೂಗಿನಾಗ ಇಳೀತೈತಿ. ಅತ್ತಾಗ ಮೂಗು ಯಾಕ ಸೋರತೈತಿ ಅಂದೀರಿ? ಕಣ್ಣಿನ ಬಚ್ಚಲ ಅಲ್ಲೈತಿ."

ಹೊರಗೆ ಸಾಲಿನಲ್ಲಿದ್ದ ಯಾರೋ ನಕ್ಕರು. ಶರಣವ್ವ ನಗಲಿಲ್ಲ.

"ಅಷ್ಟೆಲ್ಲಾ ಕಾವಲಿದ್ರ ಈಕಿ ಕಣ್ಣ ಯಾಕ ಕೆಟ್ಟಿತು?"

"ಕಾವಲಿನವಗ ಕೆಲಸ ಮಾಡಾಕ ಬಿಡುವು ಕೊಟ್ಟರಲ್ರೀ? ಕಣ್ಣು ಅಳಾಕ ಸುರು ಮಾಡೂದ್ರಾಗ ನೀವು ನಾಲಿಗಿ ಹಚ್ಚಿ, ನೀರು ಒರಸಿ, ಈಕಿನ್ನ ತಿರಗಿ ಅದ ಧೂಳಿನಾಗ ಕಳಸ್ತೀರಿ. ಮ್ಯಾಲೆ ಮತ್ತೊಬ್ಬಾಕಿ ಬ್ಯಾನಿ ಕಣ್ಣು ಒರಸಿದ ಸೆರಗು. ಸುಮ್ಮನ ಒಂದು ಕಡೆ ಕುಂತು, ತಿಕ್ಕದಂಗ, ರೆಪ್ಪಿ ಬಡೀತ ಅತ್ತರ, ಕಾಸಿ ಆರಿಸಿದ ನೀರಿನಾಗ ಮಾರಿ ಅದ್ದಿ ಕಣ್ಣ ಬಿಟ್ಟರ, ಬಾಳ ಸಲ ಕಸ ತಾನಾಗೇ ಹೋಗತೈತಿ. ಹೋಗಲಿಲ್ಲಂದ್ರ ನಾವದೇವಿ."

ಶರಣವ್ವ ದುರಗವ್ವನ ಕಡೆ ತಿರುಗಿದಳು. ಅವಳಾದರೂ ತನ್ನ ಪರವಾಗಿ ಮಾತಾಡಿಯಾಳೆಂದು ಕಾದಳು. "ನೀನರ ಹೇಳ, ದುರಗೀ. ನಾ ನಿನಗ ಕೇಡ ಮಾಡಬೇಕಂತ ಮಾಡಿದೆನೇನ?"

ದುರಗವ್ವ ಬಲಗಣ್ಣಿನಿಂದ ಅವಳನ್ನು ನೋಡಿದಳು.

"ಇಲ್ಲರಿ ಅವ್ವಾರ. ನೀವು ಒಳ್ಳೇದಂತನ ಮಾಡಿದ್ರಿ. ನೀವು ನನ್ನ ಕಣ್ಣಾಗ ನಾಲಿಗಿ ಇಟ್ಟಿದ್ದಕ್ಕ ನಿಮ್ಮ ಮಂದಿ ನಿಮಗ ಬೈದರು. ನಮ್ಮ ಮಂದಿ ಹೊಗಳಿದರು. ಆದ್ರ ನನ್ನ ಒಬ್ಬರೂ ಕೇಳಲಿಲ್ಲರಿ, ನಿನಗೇನ ಬೇಕು ಅಂತ. ಒಂದೀಟು ಹೊತ್ತು ಕಣ್ಣ ಮುಚಗೊಂಡು ಕುಂಡ್ರಬೇಕಾಗಿತ್ತು ನನಗ. ಅಷ್ಟ."

"ಕುಂತಿದ್ರ ಬ್ಯಾಡ ಅಂದವರ್ಯಾರು?"

"ಅವ್ವಾರ!" ದುರಗವ್ವನ ದನಿ ಒಮ್ಮೆಲೆ ಏರಿತು. "ಜಿನ್ನಿನಾಗ ನಮ್ಮ ಮ್ಯಾಲ ನಿಂತು ಕೆಲಸ ಮಾಡಸೂ ಮುಕಾದಮ ಗೋವಿಂದಪ್ಪ ಏನಂತಾನ ಗೊತ್ತೈತೇನ್ರಿ ನಿಮಗ? 'ಕಣ್ಣಾಗ ಬಿತ್ತಾ? ಓಡು, ಶರಣವ್ವನ ಕಡೆ ನೆಕ್ಕಿಸಿಕೊಂಡು ಓಡಿ ಬಾ. ಯಂತ್ರ ನಿಂತ್ರ ನಾಳಿಂದ ಬರಬ್ಯಾಡ.' ನೀವಿದ್ರಿ ಅಂತನ ನಮಗ ಬಿಡುವಿರಲಿಲ್ಲರಿ!"

ಸುಲಭಾ ಮುಂದಿನ ರೋಗಿಯನ್ನು ಕರೆದಳು. ಅದಕ್ಕೆ ಮೊದಲು ಶರಣವ್ವನಿಗೆ ಒಂದು ಮಾತು ಹೇಳಿದಳು: ಹುಣ್ಣು ಪೂರ್ತಿ ಮಾಯುವತನಕ ದುರಗವ್ವ ಧೂಳಿಗೆ ಹೋಗಕೂಡದು, ಹೋದರೆ ಆ ಕಣ್ಣಿನ ಆಸೆ ಬಿಡಬೇಕು. ದುರಗವ್ವ ಅದನ್ನು ಕೇಳಿ, "ಹೋಗಲಿಲ್ಲಂದ್ರ ಕೆಲಸದ ಆಸೆ ಬಿಡಬೇಕ್ರಿ ಬಾಯಾರ" ಎಂದಳು.

ಹಿಂದಿರುಗುವಾಗ ಶರಣವ್ವ ಮಾತಾಡಲಿಲ್ಲ. ಗೌಸಸಾಬನಿಗೆ ದಿಗಿಲಾಯಿತು. ಅವ್ವಾರಿಗೆ ಮೈಯಲ್ಲಿ ನೆಟ್ಟಗಿಲ್ಲವೇನೋ ಎಂದು ಎರಡು ಸಲ ತಿರುಗಿ ನೋಡಿದ. ಅವಳ ಮನಸ್ಸಿನಲ್ಲಿ ಮುರುಗೆಪ್ಪನ ಒಂದು ಮಾತು ಕುದಿಯುತ್ತಿತ್ತು. ಹಿಂದೊಂದು ದೀಪಾವಳಿಯ ಊಟದಲ್ಲಿ, ಮುಂಬಯಿಯ ವ್ಯಾಪಾರಿಗಳ ಎದುರಿಗೆ ಅವನು ಅತ್ತಿಗೆಯನ್ನು ತೋರಿಸಿ ಹೇಳಿದ್ದ: "ನಮ್ಮ ವೈನಿ ಅದಾರಂತ ನಮ್ಮ ಜಿನ್ನು ಒಂದು ಗಳಿಗಿ ನಿಲ್ಲೂದಿಲ್ಲ ನೋಡ್ರಿ." ಆಗ ಅವಳ ಮುಖ ಅರಳಿತ್ತು. ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದ್ದಳು. ಅತ್ತೆ ಕಲಿಸಿದ ವಿದ್ಯೆ, ತಾನು ಎದೆಗೊಟ್ಟು ಉಳಿಸಿಕೊಂಡ ಸೇವೆ ಅವನ ಯಂತ್ರಕ್ಕೆ ಹಾಕುವ ಎಣ್ಣೆಯಾಗಿತ್ತು! ಎಣ್ಣೆಗಾದರೂ ಬೆಲೆ ಕೊಡಬೇಕಾಗುತ್ತದೆ. ಇದು ಪುಕ್ಕಟೆ.

ಟಾಂಗಾ ಮನೆಯ ಮುಂದೆ ನಿಂತರೆ, "ಇಲ್ಲಲ್ಲ, ಜಿನ್ನಿಗೆ" ಎಂದಳು.

ಮುರುಗೆಪ್ಪ ಗಾದಿಯ ಮೇಲೆ ಲೋಡಿಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅತ್ತಿಗೆಯನ್ನು ಕಂಡು ನೆಟ್ಟಗೆ ಕೂತ. ಕೆಟ್ಟ ಮನುಷ್ಯನೆಂದು ಅವನನ್ನು ಯಾರೂ ಹೇಳುತ್ತಿರಲಿಲ್ಲ. ಮಠಕ್ಕೆ ಕೊಡುತ್ತಿದ್ದ, ಬಡವರ ಮನೆಯ ಮದುವೆಗಳಿಗೆ ಅಕ್ಕಿ ಕಳಿಸುತ್ತಿದ್ದ. ತನ್ನ ಜಿನ್ನಿನ ಬಾಗಿಲೊಳಗಿನ ಧೂಳು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಬರ್ರಿ ವೈನಿ. ಬಿಸಿಲಾಗ ಎಲ್ಲಿ ಹೋಗಿದ್ರಿ?"

"ದುರಗವ್ವನ ಕಣ್ಣಿಗೆ ಹುಣ್ಣಾಗೇತಿ. ಮಾಯೂತನಾ ಆಕಿ ಬರೂದಿಲ್ಲ. ಆಕಿ ಜಾಗಾ ಯಾರಿಗೂ ಕೊಡಬ್ಯಾಡ."

"ಕೊಟ್ಟಾತಲ್ರಿ. ನಿನ್ನೆನ ಗೋವಿಂದಪ್ಪ ಬ್ಯಾರೆಯಾಕಿನ್ನ ಹಚ್ಚ್ಯಾನ. ಹಂಗಾಮಿನಾಗ ಯಂತ್ರ ಖಾಲಿ ಬಿಡಾಕ ಆಗತೈತೇನು?"

"ಬಿಡಿಸು ಆಕಿನ್ನ. ಇಲ್ಲಾ, ಇಬ್ಬರನೂ ಇಟಗೋ. ಇನ್ನೊಂದು. ಇನ್ನ ಮ್ಯಾಲ ಯಾರ ಕಣ್ಣಿಗೆ ಕಸ ಬಿದ್ದರೂ ಹೊರಗ ನೆರಳಾಗ ಕುಂತು ಕಣ್ಣ ತೊಳಕೊಳ್ಳಾಕ ಬಿಡಬೇಕು. ಕಾಸಿ ಆರಿಸಿದ ನೀರ ಇಡಿಸು. ಓಣಿಗೆ ಧೂಳ ಹಾರದಂಗ ಕಿಟಕಿಗೆ ಜಾಳಿಗಿ ಹೊಡಿಸು."

ಮುರುಗೆಪ್ಪ ನಕ್ಕ. ಗುಮಾಸ್ತರೂ ನಕ್ಕರು.

"ವೈನಿ, ಒಬ್ಬಾಕಿ ಕಣ್ಣೀರು ನಿಲ್ಲೂದ್ರಾಗ ಇನ್ನೊಬ್ಬಾಕಿ ಸುರು ಮಾಡತಾಳ. ನಾ ಜಿನ್ನು ನಡಸಲ್ಯೋ, ಅಳೂ ಮನಿ ನಡಸಲ್ಯೋ? ಅದೆಲ್ಲಾ ಯಾಕ ಬೇಕು? ನೀವದೀರಿ. ನಿಮ್ಮ ನಾಲಿಗಿ ಐತಿ. ನಿಮ್ಮಂಥಾ ಪುಣ್ಯವಂತರು—"

"ಪುಣ್ಯದ ಮಾತ ತಗದೀಯಂದ್ರ ನೋಡು!" ಶರಣವ್ವನ ಕೂಗಿಗೆ ಹೊರಗೆ ಹತ್ತಿ ತುಂಬಿದ ಅಂಡಿಗೆ ಇಳಿಸುತ್ತಿದ್ದ ಹಮಾಲರು ನಿಂತುಬಿಟ್ಟರು. "ನನ್ನ ಬಾಯಿಂದ ಒಬ್ಬಾಕಿ ಕಣ್ಣ ಕೆಟ್ಟೈತಿ. ಅದು ನನಗಿರಲಿ, ನಾ ಲಿಂಗಪ್ಪನ ಮುಂದ ಹೇಳಕೋತೇನಿ. ಆದ್ರ ನನ್ನ ಬಾಯಿ ನಂಬಿ ನೀ ಇವರನ ಧೂಳಿನಾಗ ನಿಲ್ಲಿಸಿದೆಲ್ಲಾ, ಅದು ಯಾರಿಗೆ? ನಾಳಿಂದ ಈ ನಾಲಿಗಿ ಯಾರ ಕಣ್ಣಿಗೂ ಹೋಗೂದಿಲ್ಲ."

"ನೀವು ಮಾಡಲಿಲ್ಲಂದ್ರ ಬ್ಯಾರೆಯವರು ಮಾಡತಾರ, ಬಿಡ್ರಿ" ಎಂದ ಮುರುಗೆಪ್ಪ. ಈಗ ಅವನಿಗೂ ಸಿಟ್ಟು ಬಂದಿತ್ತು.

ಮಾರನೆಯ ಬೆಳಗ್ಗೆ ಶರಣವ್ವ ಪೂಜೆ ಮುಗಿಸಿ ದೊಡ್ಡ ಹಂಡೆಯಲ್ಲಿ ನೀರು ಕಾಸಿದಳು. ಆರಿಸಿ, ತೊಳೆದ ಬಟ್ಟೆಯಿಂದ ಸೋಸಿದಳು. ಮನೆಯಲ್ಲಿದ್ದ ಬೋಗುಣಿಗಳನ್ನೆಲ್ಲ ಬೂದಿಯಿಂದ ತಿಕ್ಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಬಿಸಿಲು ಏರುತ್ತಿದ್ದಂತೆ ಮೊದಲು ಫಕೀರವ್ವ ಓಡಿಬಂದಳು. ಗೋವಿಂದಪ್ಪನ ಬೈಗುಳ ಅವಳ ಬೆನ್ನಹಿಂದೆಯೇ ಬಂತು.

"ಲಗೂನ ತಗೀರಿ ಅವ್ವಾರ, ಹೋಗಬೇಕು."

"ತಗಿಯೂದಿಲ್ಲ. ಕುಂಡ್ರು. ಕೈ ಹಚ್ಚಬ್ಯಾಡ. ಮಾರಿ ಅದ್ದು, ನೀರಾಗ ಕಣ್ಣ ಬಿಡು. ಆಮ್ಯಾಲೆ ರೆಪ್ಪಿ ಬಡೀತ ಅಳು."

"ಅಳೂದೇನ್ರಿ? ಯಾಕ?"

"ಯಾಕ ಅಂತ ಕೇಳತೀಯಲ್ಲ, ಅಳಾಕ ಕಾರಣ ಸಾಲದೇನ್ ನಿನಗ?"

ಫಕೀರವ್ವ ಕೂತಳು. ಅವಳ ಹಿಂದೆ ಚನ್ನಬಸವ್ವ ಬಂದಳು, ಅವಳನ್ನೂ ಕೂಡ್ರಿಸಿದಳು. ಕಣ್ಣುಬೇನೆಯಿದ್ದವರನ್ನು ಬೇರೆಯಾಗಿ, ಬೇರೆ ಬೋಗುಣಿ ಕೊಟ್ಟು ಕಟ್ಟೆಯ ಆ ತುದಿಗೆ ಕಳಿಸಿದಳು. ಒಬ್ಬಳ ಸೆರಗು ಇನ್ನೊಬ್ಬಳು ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ಜಾಗ ಉಳಿಯಲಿಲ್ಲ. ಸಾಲಾಗಿ ಕೂತ ಹೆಂಗಸರು. ಎಲ್ಲರ ಕಣ್ಣಿನಿಂದಲೂ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು, ಎಲ್ಲರ ಮೂಗೂ ಸುರ್ ಎನ್ನುತ್ತಿತ್ತು. ಮೊದಮೊದಲು ಕಣ್ಣಿನ ಕಸಕ್ಕೆ ಅತ್ತವರು ಆಮೇಲೆ ಯಾವುದಕ್ಕೆ ಅಳುತ್ತಿದ್ದರೋ ಅವರಿಗೇ ಗೊತ್ತು. ಜಿನ್ನಿನ ಯಂತ್ರಗಳು ಒಂದೊಂದಾಗಿ ಖಾಲಿ ಸುತ್ತತೊಡಗಿದವು.

ಗೋವಿಂದಪ್ಪ ಬಂದು ಕಟ್ಟೆಯ ಕೆಳಗೆ ನಿಂತು ಕೂಗಾಡಿದ. ಶರಣವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಕೂಗಬ್ಯಾಡಪಾ, ಕೆಲಸ ನಡದೈತಿ" ಎಂದಳು.

"ಏನ್ ಕೆಲಸಾರಿ? ಕುಂತ ಅಳಾಕತ್ತಾರ!"

"ಅದ ಕೆಲಸ."

ಅಷ್ಟರಲ್ಲಿ ಪೇಟೆಯ ಕಡೆಯಿಂದ ಇಬ್ಬರು ದಲಾಲರು ಮುಂಬಯಿಯ ವ್ಯಾಪಾರಿಯೊಬ್ಬನನ್ನು ಕರೆದುಕೊಂಡು ಜಿನ್ನಿಗೆ ಬರುತ್ತಿದ್ದರು. ಧಣಿಯ ಅತ್ತಿಗೆಯ ಮನೆಯ ಕಟ್ಟೆಯ ಮೇಲೆ ಅಷ್ಟು ಹೆಂಗಸರು ಸಾಲುಗಟ್ಟಿ ಅಳುತ್ತಿರುವುದನ್ನು ಕಂಡು ಹಿರಿಯ ದಲಾಲನು ಥಟ್ಟನೆ ನಿಂತ. ಕಾಲಿನ ಚಪ್ಪಲಿ ಬಿಟ್ಟ. ಮುಖ ಸಣ್ಣದು ಮಾಡಿಕೊಂಡು ಗೌಸಸಾಬನನ್ನು ಮೆಲ್ಲಗೆ ಕೇಳಿದ: "ಯಾರು ತೀರಿಕೊಂಡ್ರೋ?"

ಗೌಸಸಾಬ ಬಾಯಿ ತೆರೆಯುವ ಮೊದಲೇ ಆ ಮಾತು ಓಣಿಯಲ್ಲಿ ಓಡಿತು. ಎದುರುಮನೆಯವರು ಹೊರಗೆ ಬಂದರು. ಯಾರೋ ಹಾರ ತರಲು ಹುಡುಗನನ್ನು ಅಟ್ಟಿದರು. ಮುರುಗೆಪ್ಪನ ಹೆಂಡತಿ ಎದೆ ಬಡಿದುಕೊಳ್ಳುತ್ತ ಬಂದವಳು ಶರಣವ್ವ ಜೀವಂತವಾಗಿ ನಿಂತದ್ದನ್ನು ಕಂಡು ಗಕ್ಕನೆ ನಿಂತಳು. ಗದ್ದಲ ಕೇಳಿ ಮುರುಗೆಪ್ಪ ಬರಿಗಾಲಿನಲ್ಲಿ ಓಡಿಬಂದ.

"ಏನಿದು ವೈನಿ? ಪ್ಯಾಟಿ ಮಂದೆಲ್ಲಾ ಸಾವಿನ ಮನಿ ಅಂತ ನಿಂತಾರ! ಮಾನಾ ಕಳದ್ರಲ್ಲಾ!"

"ಸಾವಿನ ಮನಿನ" ಎಂದಳು ಶರಣವ್ವ. ಎಲ್ಲರಿಗೂ ಕೇಳುವಂತೆಯೇ ಹೇಳಿದಳು. "ಒಂದು ಕಣ್ಣು ಸಾಯಾಕತ್ತೈತಿ. ನಿನ್ನ ಜಿನ್ನಿನಾಗ ಹುಟ್ಟಿದ ಧೂಳು, ನನ್ನ ಬಾಯಾಗಿನ ಕ್ರಿಮಿ, ಇಬ್ಬರೂ ಕೂಡಿ ಕೊಲ್ಲಾಕತ್ತೇವಿ. ನಾ ನನ್ನ ಕೈ ತಗದೆ. ನೀ ತಗೀತಿಯೋ ಇಲ್ಲೋ?"

"ಒಳಗ ನಡೀರಿ, ಮಾತಾಡೂನು."

"ಇಲ್ಲೇ ಆಡು. ಅವರ ಕಣ್ಣಿಗೆ ಕಸ ಬಿದ್ದಿದ್ದು ನನ್ನ ಮನಿ ಒಳಗಲ್ಲ, ನಿನ್ನ ಜಿನ್ನಿನಾಗ."

ಚಪ್ಪಲಿ ಬಿಟ್ಟ ದಲಾಲನು ಮತ್ತೆ ಮೆಟ್ಟಿಕೊಳ್ಳಲೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ಮುಂಬಯಿಯ ವ್ಯಾಪಾರಿ ಕನ್ನಡ ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದ. ಮುರುಗೆಪ್ಪ ಸುತ್ತಲೂ ನೋಡಿದ. ಕಟ್ಟೆಯ ಮೇಲಿನ ಯಾವ ಹೆಂಗಸೂ ಎದ್ದಿರಲಿಲ್ಲ. ಫಕೀರವ್ವನ ಕಣ್ಣಿನ ಮೂಲೆಗೆ ಕಸ ಬಂದು ನಿಂತಿತ್ತು. ಅವಳು ಅದನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆದು, ಶರಣವ್ವನಿಗೆ ತೋರಿಸಿ, ಆದರೂ ಕೂತೇ ಇದ್ದಳು.

"ದುರಗವ್ವನ ಜಾಗಾ ಇರಲಿ" ಎಂದ ಮುರುಗೆಪ್ಪ ಕೊನೆಗೆ, ಹಲ್ಲು ಕಚ್ಚಿ. "ಬೇವಿನ ಗಿಡದ ಕೆಳಗ ಒಂದು ಬಾಕು ಹಾಕಸ್ತೇನಿ. ನೀರು ಇಡಸ್ತೇನಿ. ಕುಂಡ್ರಲಿ. ಏಳಸ್ರಿ ಈಗ ಇವರನ."

"ಕಿಟಕಿಗೆ ಜಾಳಿಗಿ?"

"ವೈನೀ!"

ಜಾಳಿಗೆ ಆಗಲಿಲ್ಲ, ಅದನ್ನು ಇಲ್ಲಿ ಹೇಳದೆ ಬಿಟ್ಟರೆ ಶರಣವ್ವನಿಗೆ ಅನ್ಯಾಯವಾದೀತು. ಅವಳು ಬದುಕಿರುವತನಕ ಪ್ರತಿ ಹಂಗಾಮಿಗೂ ಕೇಳಿದಳು, ಪ್ರತಿ ಹಂಗಾಮಿಗೂ ಮುಂದಿನ ವರ್ಷವೆಂದರು. ಮುರುಗೆಪ್ಪ ಮುಂದಿನ ದೀಪಾವಳಿಯವರೆಗೆ ಅವಳೊಡನೆ ಮಾತು ಬಿಟ್ಟ. ಯಾರಾದರೂ ಹಳೆಯ ಅಭ್ಯಾಸದಂತೆ ಅವಳ ನಾಲಿಗೆಯ ಗುಣವನ್ನು ಹೊಗಳಿದರೆ ಅವಳು ಅವರಿಗೂ ಬೈಯುತ್ತಿದ್ದಳು. "ಕಣ್ಣಿಗೆ ತನ್ನ ಕೆಲಸ ತಾ ಮಾಡಾಕ ಗೊತ್ತಿದ್ದಿದ್ದು ನನಗ್ಯಾರೂ ಹೇಳಲಿಲ್ಲ. ಓದಿದವರೆಲ್ಲಾ ಎಲ್ಲಿ ಮಲಗಿದ್ರು ಇಷ್ಟ ವರ್ಷ?" ಎಂದು ಕೇಳುತ್ತಿದ್ದಳು.

ದುರಗವ್ವನ ಹುಣ್ಣು ನಿಧಾನವಾಗಿ ಮಾಯಿತು. ಕರಿಗುಡ್ಡೆಯ ಅಂಚಿನಲ್ಲಿ ತೆಳ್ಳಗೆ ಒಂದು ಮಸುಕು ಉಳಿಯಿತು, ದೃಷ್ಟಿ ಉಳಿಯಿತು. ಹಂಗಾಮು ಮುಗಿಯಲು ಕೆಲವು ದಿನಗಳಿರುವಾಗ ಅವಳು ಕೆಲಸಕ್ಕೆ ಬಂದಳು. ಬಂದವಳು ನೇರವಾಗಿ ಬೇವಿನ ಗಿಡದ ಕೆಳಗಿನ ಬಾಕಿನ ಮೇಲೆ ಹೋಗಿ ಕೂತಳು. ಗೋವಿಂದಪ್ಪ ಓಡಿಬಂದ.

"ಏ ದುರಗವ್ವ, ಕಾಲ ಇಟ್ಟಿಲ್ಲ, ಆಗಲೇ ಕುಂತೆಲ್ಲಾ! ಕಣ್ಣಾಗ ಏನ ಬಿದ್ದೈತಿ?"

"ಏನೂ ಬಿದ್ದಿಲ್ಲ."

"ಮತ್ತ?"

"ಹೋದ ಸಲದ್ದು ಬಾಕಿ ಐತಿ" ಎಂದಳು ದುರಗವ್ವ, ಕಣ್ಣು ಮುಚ್ಚಿಕೊಂಡು.

ಗೋಡೆಯ ಈಚೆ ನೀರು ಸೋಸುತ್ತಿದ್ದ ಶರಣವ್ವನಿಗೆ ಅದು ಕೇಳಿಸಿತು. "ಏಳಬ್ಯಾಡ, ದುರಗೀ!" ಎಂದು ಅಲ್ಲಿಂದಲೇ ಕೂಗಿದಳು.